ನ್ಯಾರೋಸ್ ಮುಚ್ಚಿದೆಯೇ? ಝಯಾನ್‌ನಲ್ಲಿ ಮಳೆ ದಿನದ ಸಣ್ಣ ನಡಿಗೆ

ಅಮೆರಿಕದ ಯೂಟಾ ರಾಜ್ಯದಲ್ಲಿರುವ ಝಯಾನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ನಮ್ಮವರು ಸಾಮಾನ್ಯವಾಗಿ ಲಾಸ್ ವೇಗಸ್‌ಗೆ ಬಂದಿಳಿದು, ಕಾರು ಬಾಡಿಗೆಗೆ ಹಿಡಿದು, ಝಯಾನ್, ಬ್ರೈಸ್, ಆಂಟಲೋಪ್ ಎಂದು ಒಂದು ಸುತ್ತು ಹಾಕುವವರು. ಮಕ್ಕಳ ರಜೆ, ಊರಿನಿಂದ ಬಂದ ಅಪ್ಪ-ಅಮ್ಮ ಎಂದೆಲ್ಲ ಹೊಂದಿಸುವಷ್ಟರಲ್ಲಿ ಪ್ರವಾಸ ಜುಲೈ-ಆಗಸ್ಟ್‌ಗೆ ಬಂದು ನಿಲ್ಲುತ್ತದೆ. ಅಲ್ಲಿನ ಮಳೆಗಾಲವೂ ಅದೇ. ಮರುಭೂಮಿಗೆಂಥ ಮಳೆಗಾಲ ಎನ್ನಬೇಡಿ. ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಗುಡುಗು-ಸಿಡಿಲಿನ ಮಳೆ ಅಲ್ಲಿ ಮಾಮೂಲು. ಆಗ, ವರ್ಜಿನ್ ನದಿಯ ನೀರಿನಲ್ಲೇ ನಡೆದು ಸಾಗುವ ಇಕ್ಕಟ್ಟಾದ ಕಣಿವೆ ದಾರಿ 'ನ್ಯಾರೋಸ್' ಮುಚ್ಚಿರಬಹುದು. ಹಾಗೆಂದು ಇಡೀ ದಿನ ಹೋಟೆಲಿನಲ್ಲಿ ಕೂರಬೇಕಿಲ್ಲ. ಅಲ್ಲೇ ಇನ್ನೊಂದು ಇಕ್ಕಟ್ಟು ಕಣಿವೆ ಹುಡುಕಿಕೊಂಡು ಹೋಗುವುದಂತೂ ಬೇಡವೇ ಬೇಡ.

ಮಲೆನಾಡಿನ ಮಳೆಯಲ್ಲಿ ನೆನೆದು ಬೆಳೆದವರು ಇಲ್ಲಿ ಲೆಕ್ಕ ತಪ್ಪುವುದುಂಟು. ನಮ್ಮಲ್ಲಿ ಕಾಡಿನ ಮಣ್ಣು ಮೊದಲು ಕುಡಿದು, ಆಮೇಲೆ ಹಳ್ಳಕ್ಕೆ ಬಿಡುತ್ತದೆ. ಝಯಾನ್‌ನ ಬೋಳು ಮರಳುಗಲ್ಲಿನ ಮೇಲೆ ಬಿದ್ದ ನೀರು ತಾರಸಿ ಮೇಲೆ ಸುರಿದ ಮಳೆಯಂತೆ ಒಮ್ಮೆಲೇ ಜಾರಿ ಕಣಿವೆ ಸೇರುತ್ತದೆ. ಹೀಗಾಗಿ ನಿಮ್ಮ ತಲೆಯ ಮೇಲಿನ ಆಕಾಶ ಏನನ್ನೂ ಹೇಳುವುದಿಲ್ಲ. ಕೇಳಬೇಕಾದ್ದು ಮೇಲ್ಕಣಿವೆಯಲ್ಲಿ ಮಳೆಯಾಗಿದೆಯೇ ಎಂದು. 1997ರ ಆಗಸ್ಟ್ 12ರಂದು ಪಕ್ಕದ ಅರಿಜೋನಾದ ಲೋವರ್ ಆಂಟಲೋಪ್ ಕಣಿವೆಯಲ್ಲಿ 11 ಪ್ರವಾಸಿಗರು ಕೊಚ್ಚಿಹೋದರು. ಮಳೆ ಸುರಿದದ್ದು ಮೈಲುಗಟ್ಟಲೆ ಆಚೆ. 2015ರ ಸೆಪ್ಟೆಂಬರ್ 14ರಂದು ಝಯಾನ್‌ನ ಕೀಹೋಲ್ ಕಣಿವೆಗೆ ಇಳಿದಿದ್ದ ಏಳೂ ಮಂದಿ ಪ್ರವಾಹಕ್ಕೆ ಸಿಕ್ಕಿ ಸತ್ತರು.

ಬೆಳಿಗ್ಗೆ ಮೊದಲ ಕೆಲಸ

ವೇಗಸ್‌ನಿಂದ ಹೊರಡುವವರು ಗಡಿಯಾರ ಒಂದು ಗಂಟೆ ಮುಂದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಯೂಟಾದ ಸಮಯ ನೆವಾಡಾಕ್ಕಿಂತ ಒಂದು ಗಂಟೆ ಮುಂದೆ. ದಾರಿಗೆ ಎರಡೂವರೆ ಗಂಟೆ ಬೇಕು. ಆರಾಮವಾಗಿ ತಿಂಡಿ ಮುಗಿಸಿ ಹೊರಟರೆ, ಸರಿಯಾಗಿ ಮಳೆ ಬರುವ ಹೊತ್ತಿಗೇ ತಲುಪುತ್ತೀರಿ.

ಹವಾಮಾನ ಇಲಾಖೆ ಝಯಾನ್‌ನ ದಿಢೀರ್ ಪ್ರವಾಹದ ಸಾಧ್ಯತೆಯನ್ನು ನಾಲ್ಕು ಹಂತಗಳಲ್ಲಿ ಹೇಳುತ್ತದೆ: ನಾಟ್ ಎಕ್ಸ್‌ಪೆಕ್ಟೆಡ್, ಪಾಸಿಬಲ್, ಪ್ರಾಬಬಲ್, ಎಕ್ಸ್‌ಪೆಕ್ಟೆಡ್. ವಿಸಿಟರ್ ಸೆಂಟರ್‌ನಲ್ಲಿ ಮೊದಲು ಕೇಳಬೇಕಾದ್ದು ಇದನ್ನೇ. 'ಪ್ರಾಬಬಲ್' ಎಂದಿದ್ದರೆ, ಬಿಸಿಲು ಹೊಳೆಯುತ್ತಿದ್ದರೂ ಇಕ್ಕಟ್ಟು ಕಣಿವೆಯ ಆಸೆ ಬಿಡಿ. 'ಫ್ಲ್ಯಾಶ್ ಫ್ಲಡ್ ವಾಚ್' ಎಂದರೆ ಪ್ರವಾಹಕ್ಕೆ ಅನುಕೂಲ ಸನ್ನಿವೇಶವಿದೆ ಎಂದು. 'ವಾರ್ನಿಂಗ್' ಎಂದರೆ ಪ್ರವಾಹ ಬರುತ್ತಿದೆ ಅಥವಾ ಬಂದೇಬಿಟ್ಟಿದೆ ಎಂದು. ವಾರ್ನಿಂಗ್ ಬಂದ ಕೂಡಲೇ ನ್ಯಾರೋಸ್ ಮುಚ್ಚುತ್ತಾರೆ, ಹಿಂತೆಗೆದ ಮೇಲೂ ಎರಡು ಗಂಟೆ ತೆರೆಯುವುದಿಲ್ಲ. ನದಿಯ ಹರಿವು 150 ಕ್ಯುಸೆಕ್ ದಾಟಿದರೂ ಅಷ್ಟೇ, ಪ್ರವೇಶವಿಲ್ಲ. ಕೆಆರ್‌ಎಸ್ ಹೊರಹರಿವಿನ ಸುದ್ದಿ ಓದಿ ಅಭ್ಯಾಸವಿರುವ ನಮಗೆ 150 ಕ್ಯುಸೆಕ್ ಎಂದರೆ ನಗು ಬರಬಹುದು. ಆದರೆ ಆ ನೀರು ಹರಿಯುವ ಜಾಗ ಕೆಲವೆಡೆ ಇಪ್ಪತ್ತು-ಮೂವತ್ತು ಅಡಿ ಅಗಲ, ಎರಡೂ ಬದಿಗೆ ಸಾವಿರ ಅಡಿಯ ಗೋಡೆ, ಹತ್ತಿ ನಿಲ್ಲಲು ದಡವೇ ಇಲ್ಲ.

ನದಿಗಿಳಿಯುವ ಬೂಟು, ಕೋಲುಗಳನ್ನು ಉದ್ಯಾನದ ಬಾಗಿಲಲ್ಲೇ ಇರುವ ಸ್ಪ್ರಿಂಗ್‌ಡೇಲ್ ಊರಿನಲ್ಲಿ ಬಾಡಿಗೆಗೆ ಕೊಡುತ್ತಾರೆ. ಹರಿವು ಎಷ್ಟಿದೆಯೆಂದು ತಿಳಿಯದೆ ದುಡ್ಡು ಕಟ್ಟಬೇಡಿ.

ಹಾಗಾದರೆ ಎಲ್ಲಿ ನಡೆಯುವುದು?

ಮಳೆ ದಿನಕ್ಕೆ ನನ್ನ ಮೊದಲ ಆಯ್ಕೆ ಪರೂಸ್ ಟ್ರೇಲ್. ವಿಸಿಟರ್ ಸೆಂಟರ್ ಪಕ್ಕದಿಂದ ಕ್ಯಾನ್ಯನ್ ಜಂಕ್ಷನ್‌ವರೆಗೆ, ಹೋಗಿ ಬರಲು ಸುಮಾರು ಐದೂವರೆ ಕಿಲೋಮೀಟರ್. ಹಾಸುದಾರಿ, ಏರು ಇಲ್ಲವೆನ್ನುವಷ್ಟು ಕಡಿಮೆ, ಗಾಲಿಕುರ್ಚಿಯೂ ಸಾಗುತ್ತದೆ. ಮುಖ್ಯ ಮಾತೆಂದರೆ ಕಣಿವೆ ಇಲ್ಲಿ ಅಗಲವಾಗಿದೆ, ನೀರು ಏರಿದರೆ ಪಕ್ಕಕ್ಕೆ ಸರಿಯಬಹುದು. 'ಇಷ್ಟೇನಾ?' ಎಂದು ಮೂಗು ಮುರಿಯುವವರು ಮಳೆ ಬಿದ್ದು ಅರ್ಧ ಗಂಟೆಯ ಮೇಲೆ ತಲೆ ಎತ್ತಿ ನೋಡಲಿ. ಬೆಳಿಗ್ಗೆ ಒಣಗಿದ್ದ ಕೆಂಬಂಡೆಯ ನೆತ್ತಿಯಿಂದ ಸಾಲುಸಾಲು ಜಲಪಾತ ಇಳಿಯುತ್ತಿರುತ್ತವೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಅವೂ ಮಾಯ. ಬಿಸಿಲಲ್ಲಿ ಬಂದು ಹೋದವರಿಗೆ ಈ ನೋಟ ಸಿಗುವುದೇ ಇಲ್ಲ.

ರಿವರ್‌ಸೈಡ್ ವಾಕ್ ಇನ್ನೊಂದು. ಹೋಗಿ ಬರಲು ಮೂರೂವರೆ ಕಿಲೋಮೀಟರ್, ಅದೂ ಹಾಸುದಾರಿಯೇ. ಆದರೆ ಅದು ಮುಗಿಯುವುದು ನ್ಯಾರೋಸ್‌ನ ಬಾಯಲ್ಲಿ. ತುಂತುರು ಮಳೆಗೆ ಸರಿ, ವಾರ್ನಿಂಗ್ ಇದ್ದರೆ ಬೇಡ. ಅದರ ಆರಂಭದಲ್ಲಿರುವ ಟೆಂಪಲ್ ಆಫ್ ಸಿನವಾವ ಷಟಲ್ ನಿಲ್ದಾಣದಿಂದಲೇ ಜಲಪಾತ ಕಾಣುವುದರಿಂದ, ಬಸ್ಸಿನಲ್ಲೇ ಒಂದು ಸುತ್ತು ಹೋಗಿಬರಬಹುದು. ಷಟಲ್ ಉಚಿತ, ಅದು ಓಡುವ ತಿಂಗಳುಗಳಲ್ಲಿ ನಿಮ್ಮ ಕಾರನ್ನು ಒಳಕಣಿವೆಗೆ ಬಿಡುವುದಿಲ್ಲ.

ಉದ್ಯಾನದೊಳಗಿನ ರಸ್ತೆ ಸುರಂಗದ ಪೂರ್ವ ತುದಿಯ ಕ್ಯಾನ್ಯನ್ ಓವರ್‌ಲುಕ್ ದಾರಿ ಒಂದೂವರೆ ಕಿಲೋಮೀಟರ್ ಅಷ್ಟೇ, ನೋಟ ಬಹಳ ಚೆಂದ. ಆದರೆ ಒದ್ದೆ ಬಂಡೆ ಜಾರುತ್ತದೆ, ಬೇಲಿ ಎಲ್ಲ ಕಡೆ ಇಲ್ಲ. ಚಿಕ್ಕ ಮಕ್ಕಳಿದ್ದರೆ ಕಲ್ಲು ಒಣಗುವವರೆಗೆ ಕಾಯಿರಿ.

ಮೈಮೇಲೆ, ಚೀಲದಲ್ಲಿ

ಜೀನ್ಸ್ ಬೇಡ. ನೆನೆದರೆ ಭಾರ, ಒಣಗುವುದಿಲ್ಲ, ಗಾಳಿ ಬೀಸಿದಾಗ ನಡುಕ. ಬೇಗ ಒಣಗುವ ಪ್ಯಾಂಟು, ಟೋಪಿಯಿರುವ ರೇನ್‌ಕೋಟು, ಹಿಡಿತವಿರುವ ಅಡಿಯ ಶೂ ಸಾಕು. ಒಂದು ಜೊತೆ ಒಣ ಸಾಕ್ಸ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಚಪ್ಪಲಿಯಲ್ಲೇ ಬೆಟ್ಟ ಹತ್ತಿದ ಕಥೆ ಹೇಳುವ ಮಾವನವರಿಗೂ ಶೂ ಹಾಕಿಸಿ. ಕುಡಿಯುವ ನೀರು ಮಳೆ ದಿನವೂ ಬೇಕು. ನದಿಯ ನೀರು ಬೇಡ. 2020ರಿಂದ ಅದರಲ್ಲಿ ವಿಷಕಾರಿ ಪಾಚಿ ಪತ್ತೆಯಾಗಿದೆ, ಮಕ್ಕಳು ಅದರಲ್ಲಿ ತಲೆ ಮುಳುಗಿಸಬಾರದು. ಒಳಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಯಾರಾದರೂ ಗುಂಪಿನಿಂದ ತಪ್ಪಿಸಿಕೊಂಡರೆ ಯಾವ ನಿಲ್ದಾಣದಲ್ಲಿ ಸೇರುವುದೆಂದು ಮೊದಲೇ ಮಾತಾಡಿಕೊಳ್ಳಿ.

ನಡೆಯುವಾಗ

ಗುಡುಗು ಕೇಳಿತೆಂದರೆ ಬಂಡೆಯ ಅಂಚು, ಒಂಟಿ ಮರ ಬಿಟ್ಟು ಬಸ್ಸಿಗೋ ಕಟ್ಟಡಕ್ಕೋ ಮರಳಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಇರಿ. ನದಿಯ ಮೇಲೆ ಕಣ್ಣಿರಲಿ: ತಿಳಿನೀರು ಇದ್ದಕ್ಕಿದ್ದಂತೆ ಕೆಸರಾದರೆ, ಕಡ್ಡಿ-ಕೊಂಬೆ ತೇಲಿ ಬಂದರೆ, ಮೇಲಿನಿಂದ ಭೋರ್ಗರೆತ ಕೇಳಿದರೆ ಫೋಟೊ ತೆಗೆಯುತ್ತ ನಿಲ್ಲಬೇಡಿ. ನೀರಿಗಿಂತ ಮುಂದೆ ಓಡಿ ಗೆಲ್ಲಲಾಗದು, ತಕ್ಷಣ ಎತ್ತರಕ್ಕೆ ಹತ್ತಿ. ನಾಲ್ಕಾರು ಅಡಿ ಎತ್ತರವೂ ಜೀವ ಉಳಿಸಬಹುದು. ಇಕ್ಕಟ್ಟಿನ ಜಾಗದಲ್ಲಿ ಹನ್ನೆರಡು ಅಡಿಯ ನೀರಿನ ಗೋಡೆಯೇ ನುಗ್ಗಿ ಬಂದೀತು.

ವಾಪಸ್ ಕಾರಿನಲ್ಲಿ

ನಡೆದು ಮುಗಿಸಿದವರು ಇಲ್ಲಿ ಮೈಮರೆಯುತ್ತಾರೆ. ಆ ಸೀಮೆಯಲ್ಲಿ ಸಣ್ಣ ರಸ್ತೆಗಳು ಒಣ ಹಳ್ಳಗಳನ್ನು ಸೇತುವೆಯಿಲ್ಲದೆ ದಾಟುವುದುಂಟು. ರಭಸದ ನೀರು ಆರು ಇಂಚಿದ್ದರೆ ಆಳನ್ನು ಬೀಳಿಸುತ್ತದೆ, ಒಂದು ಅಡಿಯಿದ್ದರೆ ಸಣ್ಣ ಕಾರನ್ನು ಎತ್ತಿಕೊಂಡು ಹೋಗುತ್ತದೆ, ಎರಡು ಅಡಿಗೆ ದೊಡ್ಡ ಎಸ್‌ಯುವಿಯೂ ನಿಲ್ಲದು. ಮುಂದಿನ ಕಾರು ದಾಟಿತೆಂದು ನೀವು ಇಳಿಸಬೇಡಿ. ಜಿಪಿಎಸ್ ತೋರಿಸುವ ಮಣ್ಣಿನ ಒಳದಾರಿ ಮಳೆ ದಿನ ಬೇಡ.

ಸ್ಪ್ರಿಂಗ್‌ಡೇಲ್‌ನಲ್ಲಿ ಇನ್ನೊಂದು ರಾತ್ರಿ ಉಳಿಯಲು ಸಾಧ್ಯವಾದರೆ ಬೆಳಿಗ್ಗೆ ಮತ್ತೆ ವಿಚಾರಿಸಿ. ಹರಿವು ಇಳಿದು ನ್ಯಾರೋಸ್ ತೆರೆದಿದ್ದರೂ ನೀರು ಇನ್ನೂ ಕಂದು ಬಣ್ಣದಲ್ಲಿರಬಹುದು, ತಳದ ಕಲ್ಲು ಕಾಣದು. ಆಗ ಕೋಲು ಬಾಡಿಗೆಗೆ ಪಡೆದೇ ಇಳಿಯಿರಿ, ಮಧ್ಯಾಹ್ನಕ್ಕೆ ಮುಂಚೆ ಹೊರಗೆ ಬನ್ನಿ.