ಲಂಬ್ರಿಜ್‌ನಲ್ಲಿ ಮೊದಲ ವಾರ: ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ಗೆ ಹೊಸದಾಗಿ ಬಂದವರಿಗೆ

ಪ್ರತಿ ವರ್ಷ ಫಸ್ಟ್ ಸೆಮ್ ಶುರುವಾಗಿ ಒಂದು ತಿಂಗಳಾಗೋ ಹೊತ್ತಿಗೆ ನಮಗೆ ಈ ಪ್ರಶ್ನೆ ಬಂದೇ ಬರುತ್ತೆ: "ಅಣ್ಣಾ, ನೀವೆಲ್ಲ ಆಡ್ತೀರಲ್ಲ ಆ ಹಳೇ ಗ್ರಾಫಿಕ್ಸ್ ಆಟ, ಅದನ್ನ ಎಲ್ಲಿಂದ ಶುರು ಮಾಡ್ಬೇಕು?" ಮೆಸ್ಸಿನಲ್ಲಿ ಕೂತು ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಅದಕ್ಕೆ ಈ ಸಲ ಬರೆದೇ ಬಿಡೋಣ ಅಂತ ಕೂತಿದ್ದೀವಿ.

ನಾವು ಅಂದ್ರೆ ಐದು ಜನ. ಮೂವರು ಬಾಯ್ಸ್ ಹಾಸ್ಟೆಲ್, ಇಬ್ಬರು ಗರ್ಲ್ಸ್ ಹಾಸ್ಟೆಲ್. ಈಗ ಐದನೇ ಸೆಮಿಸ್ಟರ್. ಈ ಆಟದಲ್ಲಿ ನಾವೇನೂ ದೊಡ್ಡ ಪಂಡಿತರಲ್ಲ. ಆದ್ರೆ ಹೊಸಬರು ಮಾಡೋ ತಪ್ಪುಗಳನ್ನೆಲ್ಲ ಒಂದೂ ಬಿಡದೆ ಮಾಡಿ ಮುಗಿಸಿದ್ದೀವಿ. ಆ ಅನುಭವವೇ ಈ ಪಾಠದ ಬಂಡವಾಳ.

ಏನಿದು ಆಟ?

ರೂನ್‌ಸ್ಕೇಪ್ ಶುರುವಾದದ್ದು 2001ರಲ್ಲಿ. ಇಂಗ್ಲೆಂಡಿನ ಆಂಡ್ರ್ಯೂ ಮತ್ತು ಪಾಲ್ ಗೋವರ್ ಅನ್ನೋ ಅಣ್ಣತಮ್ಮಂದಿರು ಕಟ್ಟಿದ ಆಟ. ಈಗ ಕೇಂಬ್ರಿಜ್‌ನ ಜಾಗೆಕ್ಸ್ ಕಂಪನಿ ಅದನ್ನ ನಡೆಸುತ್ತೆ. ವರ್ಷಗಳು ಕಳೆದಂತೆ ಆಟ ತುಂಬಾ ಬದಲಾಯ್ತು, ಹಳಬರಿಗೆ ಹಳೇದೇ ಬೇಕು ಅನಿಸ್ತು. ಪುಣ್ಯಕ್ಕೆ 2007ರ ಆಗಸ್ಟ್ ತಿಂಗಳಿನ ಒಂದು ಬ್ಯಾಕಪ್ ಕಂಪನಿ ಹತ್ರ ಉಳಿದಿತ್ತು. ಆಟಗಾರರ ಮತ ಕೇಳಿ, ಆ ಬ್ಯಾಕಪ್ಪಿನಿಂದಲೇ 2013ರ ಫೆಬ್ರವರಿಯಲ್ಲಿ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ತೆರೆದರು. ಬ್ಯಾಕಪ್ ಯಾಕೆ ಇಟ್ಕೋಬೇಕು ಅಂತ ಲ್ಯಾಬಿನಲ್ಲಿ ಯಾರಾದ್ರೂ ಕೇಳಿದ್ರೆ ಈ ಕಥೆ ಹೇಳಿ.

ನಮಗೆ ಇದು ಹಿಡಿಸೋಕೆ ಮೂರು ಕಾರಣ. ಒಂದು, ಪುಕ್ಕಟೆಯಾಗಿ ಶುರು ಮಾಡಬಹುದು. ಎರಡು, ಗ್ರಾಫಿಕ್ಸ್ ಕಾರ್ಡ್ ಬೇಡ. ಮನೆಯಿಂದ ತಂದ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತೆ. 2018ರಿಂದ ಮೊಬೈಲಿನಲ್ಲೂ ಇದೆ, ಎರಡಕ್ಕೂ ಒಂದೇ ಅಕೌಂಟು. ಮೂರು, ನಮ್ಮ ಹಾಸ್ಟೆಲ್ ವೈಫೈ ಇದನ್ನ ತಡ್ಕೊಳ್ಳುತ್ತೆ. ಆಟದ ಸರ್ವರ್ 0.6 ಸೆಕೆಂಡಿಗೆ ಒಂದು ಸಲ ಮಾತ್ರ ಲೆಕ್ಕ ಮಾಡುತ್ತೆ. ಅದಕ್ಕೆ ಟಿಕ್ ಅಂತಾರೆ. ನೀವು ಕೊಡೋ ಆಜ್ಞೆಗಳೆಲ್ಲ ಆ ಟಿಕ್ಕಿಗೆ ಕಾಯ್ತವೆ. ಹಾಗಾಗಿ ಪಿಂಗ್ 200 ಮಿಲಿಸೆಕೆಂಡ್ ಬಂದ್ರೂ ಮರ ಕಡಿಯೋಕೆ, ಮೀನು ಹಿಡಿಯೋಕೆ ಏನೂ ತೊಂದ್ರೆ ಇಲ್ಲ.

ಮೊದಲ ದಿನ: ಅಡುಗೆಯವನಿಗೆ ಮೊಟ್ಟೆ ತಂದುಕೊಡಿ

ಮೊದಲು ಟ್ಯುಟೋರಿಯಲ್ ದ್ವೀಪ. ಬೇಜಾರಾದ್ರೂ ಪೂರ್ತಿ ಓದಿ. ಆಮೇಲೆ ನಿಮ್ಮನ್ನ ಲಂಬ್ರಿಜ್ ಅನ್ನೋ ಊರಿಗೆ ತಂದು ಬಿಡ್ತಾರೆ. ಅಲ್ಲಿಂದ ಮುಂದೆ ಏನು ಮಾಡಬೇಕು ಅಂತ ತಕ್ಷಣ ತಿಳಿಯಲ್ಲ. ಹೊಸಬರು ಗಾಬರಿಯಾಗಿ ಬಿಟ್ಟುಹೋಗೋದು ಇಲ್ಲೇ.

ಗಾಬರಿ ಬೇಡ. ಕೋಟೆಯ ಅಡುಗೆಮನೆಗೆ ಹೋಗಿ. ಅಡುಗೆಯವನಿಗೆ ಒಂದು ಮೊಟ್ಟೆ, ಒಂದು ಬಕೆಟ್ ಹಾಲು, ಒಂದು ಮಡಕೆ ಹಿಟ್ಟು ಬೇಕು. ಇದೇ 'ಕುಕ್ಸ್ ಅಸಿಸ್ಟೆಂಟ್' ಕ್ವೆಸ್ಟ್. ಮೊಟ್ಟೆ ಕೋಳಿ ಫಾರ್ಮಿನಲ್ಲಿ ಸಿಗುತ್ತೆ, ಹಾಲು ಕರೆಯೋ ಹಸು ಹತ್ತಿರದಲ್ಲೇ ಇದೆ. ಗೋಧಿ ಕೊಯ್ದು ಗಾಳಿಗಿರಣಿಯ ಮೇಲಿನ ಅಂತಸ್ತಿನಲ್ಲಿ ಸುರಿದು, ಕೆಳಗೆ ಬಂದು ಹಿಟ್ಟು ತುಂಬಿಕೊಳ್ಳಬೇಕು. ಸಣ್ಣ ಕೆಲಸ, ಆದ್ರೆ ಅಷ್ಟರಲ್ಲಿ ಊರಿನ ಅರ್ಧ ನಕ್ಷೆ ತಲೆಗೆ ಬಂದಿರುತ್ತೆ. ಮೇಲಾಗಿ ಆ ಕೋಟೆಯ ಒಲೆ ಆಮೇಲೆ ನಿಮಗೂ ಸಿಗುತ್ತೆ. ಕೆಲವು ಅಡುಗೆ ಅದರಲ್ಲಿ ಕಡಿಮೆ ಸೀಯುತ್ತೆ.

ಮೊದಲ ವಾರ ಕ್ವೆಸ್ಟುಗಳನ್ನೇ ಹಿಡಿಯಿರಿ ಅನ್ನೋದು ನಮ್ಮ ಸಲಹೆ. ಡೋರಿಕ್ ಅನ್ನೋ ಕುಳ್ಳನಿಗೆ ಒಂದಿಷ್ಟು ಅದಿರು ತಂದುಕೊಟ್ಟರೆ ಗಣಿಗಾರಿಕೆಗೆ 1,300 ಎಕ್ಸ್‌ಪಿ. ಸೊನ್ನೆಯಿಂದ ಲೆವೆಲ್ 10ಕ್ಕೆ ಬೇಕಾದದ್ದು 1,154 ಮಾತ್ರ. ಅಂದ್ರೆ ಒಂದೇ ಕ್ವೆಸ್ಟಿಗೆ ಲೆವೆಲ್ 10. ಅದನ್ನೇ ತಾಮ್ರದ ಕಲ್ಲು ಕುಟ್ಟಿ ಮಾಡ್ತೀನಿ ಅಂದ್ರೆ ಬೇಜಾರಾಗುತ್ತೆ.

ಕ್ವೆಸ್ಟಿಗೆ ಇನ್ನೊಂದು ಕಾರಣವೂ ಇದೆ. ಹೊಸ ಪುಕ್ಕಟೆ ಅಕೌಂಟಿಗೆ ವ್ಯಾಪಾರದ ಮೇಲೆ ಕಟ್ಟುಪಾಡು ಇರುತ್ತೆ. 20 ಗಂಟೆ ಆಟ, 10 ಕ್ವೆಸ್ಟ್ ಪಾಯಿಂಟ್, ಒಟ್ಟು ಲೆವೆಲ್ 100, ಈ ಮೂರೂ ಆದ ಮೇಲೆ ಅದು ಸಡಿಲವಾಗುತ್ತೆ.

ಹೊಡೆದಾಟ: ಕೋಳಿ, ಗಾಬ್ಲಿನ್, ಹಸು

ಇದೇ ಕ್ರಮದಲ್ಲಿ ಹೋಗಿ. ಕತ್ತಿ ಕಂಚಿನದ್ದೋ ಕಬ್ಬಿಣದ್ದೋ ಇದ್ರೆ ಸಾಕು. ಲೆವೆಲ್ 5ಕ್ಕೆ ಸ್ಟೀಲ್, 20ಕ್ಕೆ ಮಿಥ್ರಿಲ್, 30ಕ್ಕೆ ಅಡಮಂಟ್, 40ಕ್ಕೆ ರೂನ್. ಹೊಡೆಯೋ ಮೊದಲು ಯಾವ ಸ್ಟೈಲ್ ಆರಿಸಿದ್ದೀರಿ ಅಂತ ನೋಡ್ಕೊಳ್ಳಿ. ಅಟ್ಯಾಕ್, ಸ್ಟ್ರೆಂತ್, ಡಿಫೆನ್ಸ್ ಮೂರೂ ಬೇರೆ ಬೇರೆಯಾಗಿ ಬೆಳೀತವೆ. ನಮ್ಮಲ್ಲೊಬ್ಬ ಎರಡು ವಾರ ಡಿಫೆನ್ಸ್ ಒಂದನ್ನೇ ಬೆಳೆಸಿ, "ಯಾಕೋ ಗಾಬ್ಲಿನ್ ಸಾಯ್ತಾನೇ ಇಲ್ಲ" ಅಂತಿದ್ದ.

ಕತ್ತಿ ಬಿಲ್ಲನ್ನ ಗೆಲ್ಲುತ್ತೆ, ಬಿಲ್ಲು ಮಂತ್ರವನ್ನ, ಮಂತ್ರ ಕತ್ತಿಯನ್ನ. ಕಲ್ಲು-ಕಾಗದ-ಕತ್ತರಿ ಆಟದ ಹಾಗೆ. ಇದು ನಿಮಗೆ ಮೊದಲು ಅರ್ಥವಾಗೋದು ವ್ಯಾರಕ್ ನಗರಕ್ಕೆ ಹೊರಟಾಗ. ನಗರದ ದಕ್ಷಿಣ ಬಾಗಿಲಿನ ಹತ್ರ ಕಲ್ಲಿನ ವೃತ್ತದಲ್ಲಿ ಕಪ್ಪು ಮಾಂತ್ರಿಕರು ನಿಂತಿರ್ತಾರೆ. ಹೊಸಬರು ಕಬ್ಬಿಣದ ಕವಚ ಹಾಕ್ಕೊಂಡು ಜಂಬದಲ್ಲಿ ನಡ್ಕೊಂಡು ಹೋಗ್ತಾರೆ, ಅಲ್ಲೇ ಬೀಳ್ತಾರೆ. ಓಡಿ ದಾಟಿ, ಅಥವಾ ಬಳಸಿಕೊಂಡು ಹೋಗಿ. ಜೇಬಿನಲ್ಲಿ ಒಂದಿಷ್ಟು ಬೇಯಿಸಿದ ಮೀನು ಇರಲಿ.

ಸತ್ರೆ ಭಯಪಡಬೇಡಿ. ಮಾಮೂಲಿ ಜಾಗದಲ್ಲಿ ಸತ್ರೆ ಬೆಲೆ ಹೆಚ್ಚಿನ ಮೂರು ವಸ್ತು ನಿಮ್ಮ ಹತ್ರ ಉಳಿಯುತ್ತೆ. ಮಿಕ್ಕಿದ್ದು ಸತ್ತ ಜಾಗದ ಗೋರಿಕಲ್ಲಿನಲ್ಲಿ 15 ನಿಮಿಷ ಇರುತ್ತೆ, ಓಡಿ ಹೋಗಿ ತಗೊಳ್ಳಿ. ಆದ್ರೆ ಉತ್ತರದ ವೈಲ್ಡರ್ನೆಸ್‌ನಲ್ಲಿ ಈ ದಯೆ ಇಲ್ಲ. ಅಲ್ಲಿ ಬೇರೆ ಆಟಗಾರರು ನಿಮ್ಮನ್ನ ಕೊಲ್ಲಬಹುದು, ಕೊಂದವರಿಗೆ ನಿಮ್ಮ ಸಾಮಾನು.

92 ಅಂದ್ರೆ ಅರ್ಧ

ಇಲ್ಲಿ ಸ್ವಲ್ಪ ಗಣಿತ. ಪುಕ್ಕಟೆ ಆಡೋರಿಗೆ 15 ಕೌಶಲಗಳಿವೆ, ಒಂದೊಂದರಲ್ಲೂ 99ರ ತನಕ ಲೆವೆಲ್. ಲೆವೆಲ್ 2ಕ್ಕೆ ಬೇಕಾದದ್ದು 83 ಎಕ್ಸ್‌ಪಿ. ಲೆವೆಲ್ 50ಕ್ಕೆ 1,01,333. ಲೆವೆಲ್ 99ಕ್ಕೆ 1,30,34,431. ಮುಂದಿನ ಲೆವೆಲಿಗೆ ಬೇಕಾದ ಎಕ್ಸ್‌ಪಿ ಸುಮಾರು ಏಳು ಲೆವೆಲಿಗೊಮ್ಮೆ ಎರಡು ಪಟ್ಟಾಗುತ್ತೆ. ಹಾಗಾಗಿ 50 ಅಂದ್ರೆ ಅರ್ಧ ದಾರಿ ಅಲ್ಲ, ನೂರರಲ್ಲಿ ಒಂದು ಪಾಲೂ ಅಲ್ಲ. ಅರ್ಧ ದಾರಿ ಬರೋದು 92ಕ್ಕೆ: 65,17,253.

ಇದನ್ನ ಕ್ಲಾಸಿನಲ್ಲಿ ಎಕ್ಸ್‌ಪೊನೆನ್ಷಿಯಲ್ ಅಂತ ಓದಿದ್ದೀವಿ. ಆದ್ರೆ ಮೈಮೇಲೆ ಬಂದಾಗಲೇ ಗೊತ್ತಾಗೋದು. ನಮ್ಮಲ್ಲೊಬ್ಬಳು ಎರಡು ಸೆಮಿಸ್ಟರ್ ಫೋನಿನಲ್ಲಿ ಮರ ಕಡಿದು 92 ಮುಟ್ಟಿದ್ದಳು. "ಇನ್ನು ಏಳೇ ಲೆವೆಲ್" ಅಂತ ಮೂರನೇ ಸೆಮ್ಮಿನ ಇಂಟರ್ನಲ್ಸ್ ವಾರದಲ್ಲೂ ಬಿಡಲಿಲ್ಲ. ಎಂ-3 ಪೇಪರ್ ಕೈಕೊಟ್ಟ ಮೇಲೆ ಎಲ್ಲರೂ ಕೂತು ಲೆಕ್ಕ ಹಾಕಿದೆವು. ಗಂಟೆಗೆ 30,000 ಎಕ್ಸ್‌ಪಿ ಅಂತಿಟ್ಕೊಂಡ್ರೂ ಆ ಏಳು ಲೆವೆಲಿಗೆ 217 ಗಂಟೆ. ಒಂದು ಸಬ್ಜೆಕ್ಟಿಗೆ ಸೆಮಿಸ್ಟರಿಗೆ 50 ಗಂಟೆ ಕ್ಲಾಸು ಅಂದ್ರೆ, ನಾಲ್ಕು ಸಬ್ಜೆಕ್ಟಿನ ಪೂರ್ತಿ ಪಾಠದಷ್ಟು ಸಮಯ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?" ಅಂದಳು. ನಮಗೂ ಗೊತ್ತಿರಲಿಲ್ಲ. ನಿಮಗೆ ಮೊದಲೇ ಹೇಳ್ತಾ ಇದ್ದೀವಿ.

ಅದಕ್ಕೆ ನಮ್ಮ ಕಿವಿಮಾತು: ಲೆವೆಲ್ ಬೆನ್ನು ಹತ್ತಬೇಡಿ, ಏನು ಮಾಡೋಕೆ ಆ ಲೆವೆಲ್ ಬೇಕು ಅಂತ ಕೇಳ್ಕೊಳ್ಳಿ. ನಳ್ಳಿ ಹಿಡಿಯೋಕೆ 40 ಸಾಕು. ರೂನ್ ಕತ್ತಿಗೆ 40 ಸಾಕು. ಪುಕ್ಕಟೆ ಆಟದ ದೊಡ್ಡ ಕ್ವೆಸ್ಟ್ 'ಡ್ರ್ಯಾಗನ್ ಸ್ಲೇಯರ್'ಗೆ 32 ಕ್ವೆಸ್ಟ್ ಪಾಯಿಂಟ್ ಬೇಕು, 99 ಯಾವುದರಲ್ಲೂ ಬೇಡ.

ಸಂತೆ ಮತ್ತು ಮೋಸ

ವ್ಯಾರಕ್‌ನ ಗ್ರ್ಯಾಂಡ್ ಎಕ್ಸ್‌ಚೇಂಜ್ ಈ ಲೋಕದ ದೊಡ್ಡ ಮಂಡಿ. ಮಾರೋಕೆ, ಕೊಳ್ಳೋಕೆ ನೀವು ಬೆಲೆ ಹಾಕಿ ಬಿಡ್ತೀರಿ, ಜೋಡಿ ಸಿಕ್ಕಾಗ ವ್ಯಾಪಾರ ಆಗುತ್ತೆ. ಪುಕ್ಕಟೆ ಆಟಗಾರರಿಗೆ ಮೂರು ಸ್ಲಾಟ್. ಶುರುವಿನಲ್ಲಿ ಹಸುವಿನ ಚರ್ಮ, ಕಬ್ಬಿಣದ ಅದಿರು ಮಾರಿಯೇ ಕೈಗೆ ನಾಲ್ಕು ಕಾಸು ಬರುತ್ತೆ. ಒಂದು ತಮಾಷೆ: ಒಬ್ಬರ ಚೀಲದ ಒಂದು ಗುಡ್ಡೆಯಲ್ಲಿ ಇಟ್ಟುಕೊಳ್ಳಬಹುದಾದ ನಾಣ್ಯದ ಮಿತಿ 2,14,74,83,647. ಸಿಎಸ್‌ನವರಿಗೆ ಈ ಸಂಖ್ಯೆ ಯಾಕೆ ಅಂತ ಹೇಳಬೇಕಿಲ್ಲ, ಮಿಕ್ಕವರು ಎರಡರ 31ನೇ ಘಾತದಲ್ಲಿ ಒಂದು ಕಳೆದು ನೋಡಿ.

ಮಂಡಿ ಇದ್ದಲ್ಲಿ ಜೇಬುಗಳ್ಳರೂ ಇರ್ತಾರೆ. "ದುಡ್ಡು ಕೊಡಿ, ಡಬಲ್ ಮಾಡಿ ಕೊಡ್ತೀನಿ" ಅಂತಾರೆ. ಮೊದಲ ಸಲ ಸಣ್ಣ ಮೊತ್ತಕ್ಕೆ ನಿಜವಾಗಿಯೂ ಡಬಲ್ ಕೊಡ್ತಾರೆ, ದೊಡ್ಡದು ಕೊಟ್ಟಾಗ ಮಾಯ. "ನಿನ್ನ ಕವಚಕ್ಕೆ ಚಿನ್ನದ ಅಂಚು ಕಟ್ಟಿಸಿ ಕೊಡ್ತೀನಿ" ಅಂತ ತಗೊಂಡು ಓಡ್ತಾರೆ. "ಪಾಸ್‌ವರ್ಡ್ ಟೈಪ್ ಮಾಡಿದ್ರೆ ಬೇರೆಯವರಿಗೆ ನಕ್ಷತ್ರ ಮಾತ್ರ ಕಾಣುತ್ತೆ, ನೋಡು" ಅಂತಾರೆ. ಯಾವುದನ್ನೂ ನಂಬಬೇಡಿ. ವ್ಯಾಪಾರದಲ್ಲಿ ಎರಡನೇ ಪರದೆ ಬರೋದೇ ನೀವು ಇನ್ನೊಂದು ಸಲ ಓದಲಿ ಅಂತ. ಮೊದಲ ದಿನವೇ ಎರಡು ಹಂತದ ಲಾಗಿನ್ ಹಾಕ್ಕೊಳ್ಳಿ. ಬಾರ್ಬೇರಿಯನ್ ಹಳ್ಳಿಯ 'ಸ್ಟ್ರಾಂಗ್‌ಹೋಲ್ಡ್ ಆಫ್ ಸೆಕ್ಯುರಿಟಿ' ಅನ್ನೋ ನೆಲಮಾಳಿಗೆಗೆ ಹೋಗಿ. ಅಲ್ಲಿನ ಬಾಗಿಲುಗಳು ಅಕೌಂಟ್ ಸುರಕ್ಷತೆಯ ಪ್ರಶ್ನೆ ಕೇಳ್ತವೆ. ಕೊನೇ ತನಕ ಹೋದ್ರೆ ಒಟ್ಟು 10,000 ನಾಣ್ಯ, ಒಂದು ಜೊತೆ ಬೂಟು.

ಇಷ್ಟೆಲ್ಲ ಗೊತ್ತಿದ್ದೂ ನಮ್ಮಲ್ಲೊಬ್ಬ ಮೋಸ ಹೋದ. ಎರಡು ವಾರ ಒಬ್ಬ ಅವನ ಜೊತೆ ಚೆನ್ನಾಗಿ ಹರಟೆ ಹೊಡೆದ, ಮೀನು ಕೊಟ್ಟ, ಕ್ವೆಸ್ಟಿಗೆ ದಾರಿ ತೋರಿಸಿದ. ಆಮೇಲೆ, "ವೈಲ್ಡರ್ನೆಸ್‌ನಲ್ಲಿ ನಮ್ಮ ತಂಡದ ಫೋಟೋ ಇದೆ, ಒಳ್ಳೇ ಕವಚ ಹಾಕ್ಕೊಂಡು ಬಾ. ದುಡ್ಡೂ ತಾ, ಕಡಿಮೆಗೆ ಸಾಮಾನು ಕೊಡಿಸ್ತೀನಿ" ಅಂದ. ಅಲ್ಲಿ ಇನ್ನೂ ಮೂವರು ಕಾಯ್ತಿದ್ರು. ಒಂದು ನಿಮಿಷದಲ್ಲಿ ಮೂರು ತಿಂಗಳ ಗಳಿಕೆ ಹೋಯ್ತು.

ಅವನು ನಮಗೆ ಹೇಳಿದ್ದು ನಾಲ್ಕು ದಿನ ಆದ್ಮೇಲೆ. "ನೀವೆಲ್ಲ ನಗ್ತೀರಿ ಅಂತ ಹೇಳಲಿಲ್ಲ" ಅಂದ. ನಿಜ ಹೇಳ್ಬೇಕಂದ್ರೆ ನಾವು ನಕ್ಕಿರ್ತಿದ್ದೆವು. ಅದು ನಮ್ಮ ತಪ್ಪು. ಆ ಶನಿವಾರ ಐದೂ ಜನ ಹೊಸ ಅಕೌಂಟ್ ಮಾಡಿ, ಅವನ ಜೊತೆ ಟ್ಯುಟೋರಿಯಲ್ ದ್ವೀಪದಿಂದ ಮತ್ತೆ ಶುರು ಮಾಡಿದೆವು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಸೆಮ್ಮಿನಲ್ಲಿ ನಮ್ಮ ವಿಂಗಿನ ಗ್ರೂಪಿಗೆ ಒಂದು ಮೆಸೇಜು ಬಂತು: ಮನೆಯಿಂದಲೇ ಕೆಲಸ, ಮೊದಲು ಸಣ್ಣ ಡೆಪಾಸಿಟ್, ಅದೇ ದಿನ ಲಾಭ ಸೇರಿಸಿ ವಾಪಸ್. ಇಬ್ಬರಿಗೆ 200 ರೂಪಾಯಿ ಹಾಕಿ 300 ಬಂದೂ ಆಗಿತ್ತು. ಒಬ್ಬ ಫೀಸಿಗೆ ಅಂತ ಅಪ್ಪ ಕಳಿಸಿದ್ದ ದುಡ್ಡನ್ನೇ ಹಾಕೋಕೆ ಹೊರಟಿದ್ದ. ಅವನ ಕೈಯಿಂದ ಫೋನ್ ಕಿತ್ಕೊಂಡವನು ನಮ್ಮ ಇದೇ ಗೆಳೆಯ. "ಇದು ಡಬಲ್ ಮಾಡೋ ಕೇಸು ಕಣೋ, ನಂಗೆ ಗೊತ್ತು" ಅಂದ. ಆ ಸಲ ಯಾರೂ ನಗಲಿಲ್ಲ.

ಸ್ಕ್ರಿಪ್ಟ್ ಬರೆಯೋ ಆಸೆ

ಪೈಥಾನ್ ಕಲಿತ ಕೂಡಲೇ ಎಲ್ಲರಿಗೂ ಬರೋ ಐಡಿಯಾ: ಮೌಸ್ ತಾನೇ ಕ್ಲಿಕ್ ಮಾಡಲಿ, ನಾವು ಮಲಗೋಣ. ಬೇಡ. ಅದು ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ರೆ ಅಕೌಂಟ್ ಬ್ಯಾನ್. ನಿಜವಾದ ದುಡ್ಡು ಕೊಟ್ಟು ಬೇರೆಯವರಿಂದ ನಾಣ್ಯ ಕೊಳ್ಳೋದೂ ಹಾಗೇ. ಕೋಡ್ ಬರೆಯೋ ತುರಿಕೆ ಇದ್ರೆ ಒಳ್ಳೇ ದಾರಿ ಇದೆ. ರೂನ್‌ಲೈಟ್ ಅನ್ನೋ ಕ್ಲೈಂಟ್ ಜಾವಾದಲ್ಲಿ ಬರೆದ ಓಪನ್ ಸೋರ್ಸ್ ತಂತ್ರಾಂಶ, ಕಂಪನಿಯೇ ಒಪ್ಪಿರೋದು. ಅದರ ಪ್ಲಗಿನ್ ಓದಿ, ಒಂದು ಬರೆದು ನೋಡಿ. ಮಂಡಿಯ ಬೆಲೆಗಳೂ ಎಪಿಐ ಮೂಲಕ ಸಿಗುತ್ತವೆ. ನಮ್ಮಲ್ಲಿಬ್ಬರ ಮಿನಿ ಪ್ರಾಜೆಕ್ಟ್ ಅದರ ಗ್ರಾಫೇ.

ನಮ್ಮ ನಾಲ್ಕು ಕಟ್ಟುಪಾಡು

ಒಂದು, ಕಳ್ಕೊಂಡ್ರೆ ಅಳು ಬರುತ್ತೆ ಅನ್ನೋದನ್ನ ವೈಲ್ಡರ್ನೆಸ್‌ಗೆ ಒಯ್ಯಬೇಡಿ.

ಎರಡು, ಪಾಸ್‌ವರ್ಡ್ ಸೀನಿಯರ್ಸಿಗೂ ಕೊಡಬೇಡಿ. ನಾವು ಕೇಳಿದ್ರೂ ಕೊಡಬೇಡಿ.

ಮೂರು, ಇಂಟರ್ನಲ್ಸಿಗೆ ಒಂದು ವಾರ ಮುಂಚೆ ಫೋನಿನಿಂದ ಆಟ ತೆಗೆದುಬಿಡಿ. ಅಕೌಂಟ್ ಎಲ್ಲೂ ಹೋಗಲ್ಲ, ನಿಮ್ಮ ಮೀನು ಬ್ಯಾಂಕಿನಲ್ಲಿ ಕೊಳೆಯಲ್ಲ.

ನಾಲ್ಕು, ಮೋಸ ಹೋದ್ರೆ ಅವತ್ತೇ ಯಾರಿಗಾದ್ರೂ ಹೇಳಿ. ಆಟದಲ್ಲಾದ್ರೂ ಸರಿ, ಹೊರಗಾದ್ರೂ ಸರಿ.

ಹಾಸ್ಟೆಲ್ ಗೇಟು ಬೇಗ ಮುಚ್ಚುತ್ತೆ, ಆದ್ರೆ ಲಂಬ್ರಿಜ್‌ನ ಸೇತುವೆಗೆ ಗೇಟಿಲ್ಲ. ಶನಿವಾರ ರಾತ್ರಿ ಊಟ ಆದ್ಮೇಲೆ ನಾವು ಐದೂ ಜನ ಅಲ್ಲೇ ಇರ್ತೀವಿ. ಕಂಚಿನ ಕೊಡಲಿ ಹಿಡ್ಕೊಂಡು ಬನ್ನಿ. ಮೊದಲ ಮೊಟ್ಟೆ ಎಲ್ಲಿ ಸಿಗುತ್ತೆ ಅಂತ ತೋರಿಸ್ತೀವಿ. ಯಾವ ಕ್ಲಾಸ್ ಟೆಸ್ಟ್ ಬಾಕಿ ಇದೆ ಅಂತಾನೂ ಕೇಳ್ತೀವಿ.