ಭೃತ್ಯಾಚಾರವೂ ಸಹಕಾಯಕವೂ

ಪಂಚಾಚಾರಗಳಲ್ಲಿ ಭೃತ್ಯಾಚಾರವು ಹೇಳುವುದಕ್ಕೆ ಸುಲಭವಾದುದು, ನಡೆಸುವುದಕ್ಕೆ ಕಠಿಣವಾದುದು. ಶಿವಶರಣರೇ ಹಿರಿಯರು, ತಾನು ಅವರ ಭೃತ್ಯನು ಎಂದರಿತು ನಡೆಯುವುದೇ ಅದರ ಲಕ್ಷಣ. ಮಠದ ಪ್ರಾಂಗಣದಲ್ಲಿ, ಗುರುಹಿರಿಯರ ಸನ್ನಿಧಿಯಲ್ಲಿ ಈ ವಿನಯವನ್ನು ತಾಳುವುದು ದೊಡ್ಡದಲ್ಲ. ಭಾಷೆ, ಊಟ, ಉಡುಗೆ, ಮಾತಿನ ಮರ್ಯಾದೆ ಎಲ್ಲವೂ ಬೇರೆಯಾದವರೊಡನೆ ಒಂದೇ ಕೆಲಸಕ್ಕೆ ಕೈಹಾಕಿದಾಗ ಅದರ ನಿಜವಾದ ಪರೀಕ್ಷೆ. ಇಂದು ಭಕ್ತರ ಮಕ್ಕಳು ಬೆಂಗಳೂರು, ಪುಣೆ, ಮುಂಬಯಿಗಳಲ್ಲಿಯೂ ಹೊರದೇಶಗಳಲ್ಲಿಯೂ ನಾನಾ ಜನರ ನಡುವೆ ಕಾಯಕ ಮಾಡುತ್ತಿರುವುದರಿಂದ ಈ ವಿಷಯವು ಪ್ರತಿಯೊಂದು ಮನೆಗೂ ಸಂಬಂಧಿಸಿದುದಾಗಿದೆ.

ಹನ್ನೆರಡನೆಯ ಶತಮಾನದ ಕಲ್ಯಾಣವು ಒಂದೇ ನಾಡಿನವರ, ಒಂದೇ ಕುಲದವರ ಕೂಟವಾಗಿರಲಿಲ್ಲ. ಬಳ್ಳಿಗಾವೆಯ ಅಲ್ಲಮಪ್ರಭುಗಳು, ಸೊನ್ನಲಿಗೆಯ ಸಿದ್ಧರಾಮರು, ಹಿಪ್ಪರಗಿಯ ಮಡಿವಾಳ ಮಾಚಯ್ಯನವರು, ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ದೋಣಿ ನಡೆಸುವ ಅಂಬಿಗರ ಚೌಡಯ್ಯನವರು, ಕಾಶ್ಮೀರದಿಂದ ಬಂದರೆಂದು ಪರಂಪರೆಯು ಹೇಳುವ ಮೋಳಿಗೆಯ ಮಾರಯ್ಯ ಮಹಾದೇವಿ ದಂಪತಿಗಳು, ಇವರೆಲ್ಲರೂ ಶರಣಗಣದಲ್ಲಿ ಸೇರಿದರು. ಸೇರಿದ ಮಾತ್ರಕ್ಕೆ ಅವರ ರೀತಿಗಳೆಲ್ಲ ಒಂದಾದುವೇ? ಇಲ್ಲ. ಅಂಬಿಗನ ಮಾತಿನಲ್ಲಿ ಹೊಳೆ ದೋಣಿಗಳು ಉಳಿದುವು. ಮಡಿವಾಳನ ಮಾತಿನಲ್ಲಿ ಮಡಿ ಮೈಲಿಗೆಗಳು ಉಳಿದುವು. ಭೇದವನ್ನು ಅಳಿಸದೆ, ಅದು ಮೇಲುಕೀಳಾಗದಂತೆ ನೋಡಿಕೊಂಡುದೇ ಶರಣರ ಹಿರಿಮೆ.

ಆದರೂ ತಪ್ಪು ತಿಳಿವಳಿಕೆಗಳು ಅಲ್ಲಿಯೂ ಹುಟ್ಟಿದುವು. ಮಾರಯ್ಯನವರ ಕಥೆಯನ್ನು ನೋಡಬಹುದು. ಕಾಡಿನಿಂದ ಕಟ್ಟಿಗೆ ತಂದು ಮಾರಿ ಜಂಗಮ ದಾಸೋಹ ನಡೆಸುತ್ತಿದ್ದ ಅವರ ಬಡತನಕ್ಕೆ ಬಸವಣ್ಣನವರು ಮರುಗಿದರು. ಮಾರಯ್ಯನವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಹೋಗಿ, ಮಹಾದೇವಿಯವರು ನೀಡಿದ ಅಂಬಲಿಯನ್ನು ಸ್ವೀಕರಿಸಿ, ತಿಳಿಯದಂತೆ ಹೊನ್ನನ್ನಿಟ್ಟು ಬಂದರು. ಮಾರಯ್ಯನವರು ಅದನ್ನು ಕಂಡು ಸಂತೋಷಪಡಲಿಲ್ಲ. ಆ ಹೊನ್ನೆಲ್ಲವನ್ನೂ ಜಂಗಮರಿಗೆ ಕೊಟ್ಟುಬಿಟ್ಟರು. ಕೊಟ್ಟವರ ಮನಸ್ಸು ನಿರ್ಮಲವಾಗಿತ್ತು. ಆದರೆ ಯಾವುದನ್ನು ಅವರು ಕೊರತೆಯೆಂದು ಬಗೆದರೋ ಅದು ಪಡೆದವರ ಪಾಲಿಗೆ ವ್ರತವಾಗಿತ್ತು. ಬಸವಣ್ಣನವರು ತಮ್ಮ ತಪ್ಪನ್ನರಿತು ಕ್ಷಮೆ ಬೇಡಿದರೆಂದು ಕಥೆಯು ಹೇಳುತ್ತದೆ. ಪರರ ನಡೆಯನ್ನು ತನ್ನ ಅಳತೆಗೋಲಿನಿಂದ ಅಳೆದರೆ ಉಪಕಾರವೂ ನೋವಾಗಬಹುದು.

ಶೂನ್ಯಸಂಪಾದನೆಯಲ್ಲಿ ಇನ್ನೊಂದು ಪ್ರಸಂಗವಿದೆ. ಅಲ್ಲಮಪ್ರಭುಗಳು ಸಿದ್ಧರಾಮರೊಡನೆ ಕಲ್ಯಾಣಕ್ಕೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿ ಮಗ್ನರಾಗಿದ್ದರು. ಕರೆತರಲು ಹಡಪದ ಅಪ್ಪಣ್ಣನವರನ್ನು ಕಳುಹಿಸಿದರು. ಪ್ರಭುಗಳು ಒಳಗೆ ಬರಲಿಲ್ಲ. ಒಳಗಿದ್ದವರ ನಿಷ್ಠೆಯು ಬಾಗಿಲಲ್ಲಿ ನಿಂತವರಿಗೆ ಅನಾದರವಾಯಿತು. ಆಗ ಅದನ್ನು ಎತ್ತಿ ತೋರಿಸಿದವರು ವಯಸ್ಸಿನಲ್ಲಿ ಕಿರಿಯರಾದ, ಸೋದರಳಿಯನಾದ ಚನ್ನಬಸವಣ್ಣನವರು. ಬಸವಣ್ಣನವರು ಕಿರಿಯರ ಮಾತೆಂದು ತಳ್ಳದೆ, ತಾವೇ ಎದ್ದು ಬಂದು ಪ್ರಭುಗಳನ್ನು ಬರಮಾಡಿಕೊಂಡರು. ತನ್ನ ಉದ್ದೇಶವು ಶುದ್ಧವಾಗಿದ್ದರೆ ಸಾಲದು, ಅದು ಎದುರಿನವರಿಗೆ ಹೇಗೆ ಕಾಣುವುದೆಂಬುದನ್ನೂ ವಿಚಾರಿಸಬೇಕು. ಇದನ್ನು ತಿಳಿಸಬಲ್ಲವರು ಯಾರೇ ಆಗಲಿ ಅವರಿಂದ ಕಲಿಯಬೇಕು. ಭೃತ್ಯಾಚಾರದ ತಿರುಳು ಇದೇ.

ಈ ತತ್ತ್ವವನ್ನು ಇಂದಿನ ಕಚೇರಿಗೆ ಹೊಂದಿಸಿ ನೋಡೋಣ. ಧಾರವಾಡದ ಕಡೆಯ ತರುಣ ಇಂಜಿನಿಯರೊಬ್ಬನನ್ನು ಜರ್ಮನಿಯ ಮೇಲಧಿಕಾರಿಯು, “ಈ ಕೆಲಸ ಶುಕ್ರವಾರದೊಳಗೆ ಮುಗಿಯುವುದೇ?” ಎಂದು ಕೇಳುತ್ತಾನೆಂದು ಭಾವಿಸೋಣ. ಹಿರಿಯರಿಗೆ ಇಲ್ಲವೆನ್ನಬಾರದೆಂಬ ಸಂಸ್ಕಾರದಲ್ಲಿ ಬೆಳೆದ ತರುಣನು ತಲೆಯಾಡಿಸಿ, “ನೋಡೋಣ, ಪ್ರಯತ್ನಿಸುತ್ತೇನೆ” ಎನ್ನುತ್ತಾನೆ. ನಮ್ಮ ಕಡೆಯವರಾದರೆ ಕಷ್ಟವಿದೆಯೆಂದು ಅಷ್ಟರಿಂದಲೇ ಊಹಿಸಿಯಾರು. ಆ ಅಧಿಕಾರಿಗೆ ಅದು ಒಪ್ಪಿಗೆಯಾಗಿಯೇ ಕೇಳಿಸಬಹುದು. ಶುಕ್ರವಾರ ಬಂದಾಗ ಅವನಿಗೆ ಇವನು ಸುಳ್ಳುಗಾರ, ಇವನಿಗೆ ಅವನು ನಿಷ್ಠುರಿ. ಇಬ್ಬರಲ್ಲಿಯೂ ದುರ್ಬುದ್ಧಿಯಿಲ್ಲ, ಆದರೂ ಕೆಲಸ ಕೆಟ್ಟಿತು, ನಂಬಿಕೆ ಹೋಯಿತು. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಎಂಬವರು 1976ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಕೆಲವು ಸಮಾಜಗಳಲ್ಲಿ ಅರ್ಥದ ಬಹುಭಾಗವು ಸಂದರ್ಭದಲ್ಲಿಯೇ ಅಡಗಿರುತ್ತದೆ, ಮತ್ತೆ ಕೆಲವುಗಳಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಾಗುತ್ತದೆ ಎಂದು ವಿವರಿಸಿದರು. ಇದನ್ನರಿತವನು, “ಶುಕ್ರವಾರಕ್ಕೆ ಅರ್ಧ ಮುಗಿಯುತ್ತದೆ, ಉಳಿದುದು ಮಂಗಳವಾರಕ್ಕೆ” ಎಂದು ಸ್ಪಷ್ಟವಾಗಿ ನುಡಿದು, ಬರೆದೂ ಕೊಡುವನು. ಹೀಗೆ ನುಡಿಯುವುದು ಅವಿನಯವಲ್ಲ. ಸತ್ಯಶುದ್ಧ ಕಾಯಕದ ಅಂಗ. ಹಾಗೆಯೇ ಸಭೆಯಲ್ಲಿ ಮೌನವಾಗಿರುವ ಸಹೋದ್ಯೋಗಿಯನ್ನು ಅಜ್ಞನೆಂದು ಎಣಿಸದೆ, ಆಮೇಲೆ ಏಕಾಂತದಲ್ಲಿ ಅವನ ಅಭಿಪ್ರಾಯವನ್ನು ಕೇಳುವುದು ವಿವೇಕ.

ಹಾಗಾದರೆ ಎಲ್ಲರೊಡನೆ ಹೊಂದುವ ಸಲುವಾಗಿ ತನ್ನ ಆಚಾರವನ್ನು ಬಿಡಬೇಕೇ ಎಂಬ ಶಂಕೆ ಹುಟ್ಟಬಹುದು. ಭೃತ್ಯಾಚಾರದ ಜೊತೆಗೆ ಗಣಾಚಾರವನ್ನೂ ಹೇಳಿರುವುದು ಈ ಶಂಕೆಗೆ ಉತ್ತರ. ಔತಣಕೂಟದಲ್ಲಿ ಮದ್ಯಮಾಂಸಗಳನ್ನು ನೀಡಿದರೆ ತನಗೆ ಸಲ್ಲದೆಂದು ಸೌಮ್ಯವಾಗಿ, ಸಾಧ್ಯವಾದರೆ ಮುಂಚಿತವಾಗಿಯೇ ತಿಳಿಸಬೇಕು. ಪೂಜೆಯ ವೇಳೆಯನ್ನು ಜೊತೆಯವರಿಗೆ ಹೇಳಿಟ್ಟಿರಬೇಕು. ಆದರೆ ಪಕ್ಕದವನ ತಟ್ಟೆಯನ್ನು ನೋಡಿ ಮೂಗು ಮುರಿಯುವುದು ಗಣಾಚಾರವಲ್ಲ, ಅಹಂಕಾರ. ದೃಢತೆಯು ತನ್ನ ವ್ರತದ ವಿಷಯದಲ್ಲಿರಲಿ, ಮೃದುತ್ವವು ಪರರನ್ನು ಅರಿಯುವ ವಿಷಯದಲ್ಲಿರಲಿ. ಇವೆರಡೂ ಅದಲುಬದಲಾದರೆ ವ್ರತವೂ ಸಡಿಲಾಗುತ್ತದೆ, ಸ್ನೇಹವೂ ಕೆಡುತ್ತದೆ.

ಈ ಪಾಠವು ಮನೆಯಲ್ಲಿಯೇ ಮೊದಲಾಗಬೇಕು. ಕೆಲಸದಿಂದ ಬಂದ ಮಗನೋ ಮಗಳೋ ಸಹೋದ್ಯೋಗಿಯೊಬ್ಬರನ್ನು ದೂರಿದಾಗ, “ಆ ಜನರೇ ಹಾಗೆ” ಎಂದು ತಂದೆತಾಯಿಗಳು ದನಿಗೂಡಿಸಬಾರದು. “ಅವರು ಯಾವ ಅರ್ಥದಲ್ಲಿ ಹಾಗೆ ಮಾಡಿದರೆಂದು ಕೇಳಿದೆಯಾ?” ಎಂದು ವಿಚಾರಿಸಬೇಕು. ಈ ಒಂದು ಪ್ರಶ್ನೆಯನ್ನು ಕೇಳಿ ಕಲಿತ ಮಕ್ಕಳು ಎಲ್ಲಿಗೆ ಹೋದರೂ ಶರಣರ ಮನೆಯವರೆನಿಸಿಕೊಳ್ಳುವರು.