ತಣಿಯದ ನೆಲ: ತಿಮನ್‌ಫಾಯಾ ರಾಷ್ಟ್ರೀಯೋದ್ಯಾನ

ಆಫ್ರಿಕ ಖಂಡದ ವಾಯವ್ಯ ತೀರದಿಂದ ಸುಮಾರು 100 ಕಿಲೋಮೀಟರು ದೂರದಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ, ಸ್ಪೇನ್ ದೇಶಕ್ಕೆ ಸೇರಿದ ಕನೇರಿ ದ್ವೀಪಗಳಿವೆ. ಆ ದ್ವೀಪಸ್ತೋಮದ ಮೂಡಣ ಅಂಚಿನಲ್ಲಿರುವುದು ಲಾನ್ಸರೋಟೆ. ಸಾಗರದ ತಳದಿಂದ ಉಕ್ಕಿಬಂದ ಶಿಲಾರಸವೇ ಹೆಪ್ಪುಗಟ್ಟಿ ಈ ದ್ವೀಪವಾಗಿದೆ. ಇದರ ನೈಋತ್ಯ ಭಾಗದ ಸುಮಾರು 51 ಚದರ ಕಿಲೋಮೀಟರು ನೆಲವನ್ನು 1974ರಲ್ಲಿ ತಿಮನ್‌ಫಾಯಾ ರಾಷ್ಟ್ರೀಯೋದ್ಯಾನವೆಂದು ಘೋಷಿಸಲಾಯಿತು. ಉದ್ಯಾನವೆಂದೊಡನೆ ವಾಚಕರ ಮನಸ್ಸಿಗೆ ಮರಗಳ ನೆರಳೂ ಹೂಗಿಡಗಳೂ ಬರುವುದು ಸಹಜ. ಇಲ್ಲಿ ಅವು ಯಾವುವೂ ಇಲ್ಲ. ಕಣ್ಣು ಹಾಯುವಷ್ಟು ದೂರವೂ ಕಮ್ಮಾರನ ಕುಲುಮೆಯಿಂದ ತೆಗೆದು ಸುರಿದ ಕಿಟ್ಟದಂತಹ ಕಪ್ಪು, ಕೆಂಪು, ಕಂದು ಬಣ್ಣದ ಗುಡ್ಡಗಳು. ಹಾಗಿದ್ದರೆ ಇಲ್ಲಿ ರಕ್ಷಿಸತಕ್ಕದ್ದು ಏನಿದೆ?

ಉದ್ಯಾನದ ನಡುವೆ ಇಸ್ಲೋತೆ ದೆ ಇಲಾರಿಯೊ ಎಂಬ ದಿಣ್ಣೆಯಿದೆ. ಇಲಾರಿಯೊ ಎಂಬ ಒಬ್ಬ ಮುದುಕ ತನ್ನ ಒಂಟೆಯೊಡನೆ ಇಲ್ಲಿ ಏಕಾಂಗಿಯಾಗಿ ವಾಸಿಸುತ್ತಿದ್ದನೆಂದೂ, ಅವನು ನೆಟ್ಟ ಅಂಜೂರದ ಗಿಡ ಬೇರುಬಿಟ್ಟರೂ ಎಂದೂ ಹಣ್ಣು ಬಿಡಲಿಲ್ಲವೆಂದೂ ಕತೆಯುಂಟು. ಕತೆ ಹೇಗೇ ಇರಲಿ, ನೆಲದ ಬಿಸಿ ಮಾತ್ರ ನಿಜ. ಇಲ್ಲಿನ ನೌಕರರು ಒಣಗಿದ ಮುಳ್ಳುಕಂಟಿಯನ್ನು ಒಂದು ಗುಂಡಿಯೊಳಕ್ಕೆ ತಳ್ಳುತ್ತಾರೆ. ಕ್ಷಣಕಾಲದಲ್ಲಿ ಅದು ತಾನಾಗಿಯೇ ಹೊತ್ತಿ ಉರಿಯುತ್ತದೆ. ನೆಲದಲ್ಲಿ ಇಳಿಸಿರುವ ಕೊಳವೆಯೊಂದಕ್ಕೆ ಬಕೆಟ್ಟಿನಿಂದ ನೀರು ಸುರಿಯುತ್ತಾರೆ. ಒಡನೆಯೇ ಅದು ಆರ್ಭಟಿಸುತ್ತ ಹಬೆಯ ಕಾರಂಜಿಯಾಗಿ ಮೇಲಕ್ಕೆ ಚಿಮ್ಮುತ್ತದೆ. ಒಂದು ಲೀಟರು ನೀರು ಕುದಿದು ಹಬೆಯಾದಾಗ ಸುಮಾರು 1,700 ಲೀಟರುಗಳಷ್ಟು ಜಾಗವನ್ನು ಬೇಡುವುದರಿಂದ ಇಕ್ಕಟ್ಟಾದ ಕೊಳವೆಯಲ್ಲಿ ಅದಕ್ಕೆ ಬೇರೆ ದಾರಿಯಿಲ್ಲ. ದಿಣ್ಣೆಯ ಮೇಲೆ ಸೆಸಾರ್ ಮನ್ರಿಕೆ ಎಂಬ ಕಲಾವಿದನು ರೂಪಿಸಿದ ಭೋಜನಶಾಲೆಯೊಂದಿದೆ. ಅಲ್ಲಿ ಬಾವಿಯಂತಹ ಕುಳಿಯ ಮೇಲೆ ಕಬ್ಬಿಣದ ಜಾಲರಿಯಿಟ್ಟು, ನೆಲದ ಬಿಸಿಯಿಂದಲೇ ಮಾಂಸವನ್ನು ಸುಡುತ್ತಾರೆ. ಇದರಲ್ಲಿ ಪ್ರದರ್ಶನದ ಚಪಲ ಸ್ವಲ್ಪ ಹೆಚ್ಚೆಂದು ತೋರಬಹುದು. ಆದರೂ ಭೌತವಿಜ್ಞಾನದ ತರಗತಿಯಲ್ಲಿ ಇಷ್ಟು ಚೆನ್ನಾದ ಪ್ರಯೋಗ ನಮಗೆ ಸಿಕ್ಕುವುದಿಲ್ಲ. ಇಲ್ಲಿ ಕೇವಲ 13 ಮೀಟರು ಆಳದಲ್ಲಿ ಉಷ್ಣತೆ ಸುಮಾರು 600 ಡಿಗ್ರಿ ಸೆಂಟಿಗ್ರೇಡಿನಷ್ಟಿದೆ!

ಈ ಬಿಸಿ ಎಂದಿನದು? 1730ನೆಯ ಇಸವಿ ಸೆಪ್ಟೆಂಬರ್ 1ರ ರಾತ್ರಿ ತಿಮನ್‌ಫಾಯಾ ಎಂಬ ಹಳ್ಳಿಯ ಬಳಿ ನೆಲ ಬಾಯಿಬಿಟ್ಟಿತು. ಸಮೀಪದ ಯಾಯ್ಸಾ ಗ್ರಾಮದ ಪಾದ್ರಿ ಆಂದ್ರೇಸ್ ಲೊರೆನ್ಸೊ ಕುರ್ಬೆಲೊ, ತಾನು ಕಂಡುದನ್ನು ಬರೆದಿಟ್ಟನು. 1815ರಲ್ಲಿ ಈ ದ್ವೀಪಕ್ಕೆ ಬಂದ ಜರ್ಮನ್ ಭೂವಿಜ್ಞಾನಿ ಲಿಯೊಪೋಲ್ಡ್ ಫಾನ್ ಬುಖ್ ಆ ಬರಹವನ್ನು ಹೊರಜಗತ್ತಿಗೆ ಪರಿಚಯಿಸಿದನು. ಅಗ್ನಿಪರ್ವತದ ಕೋಪ ಒಂದೆರಡು ವಾರಗಳಲ್ಲಿ ಇಳಿಯಲಿಲ್ಲ. 1736ರ ಏಪ್ರಿಲ್‌ವರೆಗೆ, ಅಂದರೆ ಐದೂವರೆ ವರ್ಷಗಳಿಗೂ ಮಿಕ್ಕಿ, ಒಂದಾದ ಮೇಲೊಂದು ಬಾಯಿ ತೆರೆಯುತ್ತ ಮುಂದುವರಿಯಿತು. ಉದ್ಯಾನಕ್ಕೆ ತನ್ನ ಹೆಸರನ್ನು ಕೊಟ್ಟ ಹಳ್ಳಿಯೂ ಇನ್ನೂ ಅನೇಕ ಹಳ್ಳಿಗಳೂ ಮಣ್ಣುಪಾಲಾದುವು. ದ್ವೀಪದ ಸುಮಾರು ಕಾಲುಭಾಗ ಲಾವಾ ಮತ್ತು ಬೂದಿಯ ಕೆಳಗೆ ಹೂತುಹೋಯಿತು. ಆ ನೆಲ ದ್ವೀಪದಲ್ಲೇ ಒಳ್ಳೆಯ ಬೇಸಾಯದ ನೆಲವಾಗಿತ್ತೆಂಬುದನ್ನು ನೆನೆದರೆ ಜನರ ಪಾಡು ಊಹೆಗೆ ಸಿಕ್ಕುತ್ತದೆ. 1824ರಲ್ಲಿ ಇನ್ನೊಮ್ಮೆ ಸಣ್ಣ ಪ್ರಮಾಣದ ಸ್ಫೋಟವಾಯಿತು. ಅಲ್ಲಿಂದೀಚೆಗೆ ಶಾಂತಿ.

1736ರಿಂದ ಇಂದಿಗೆ ಸುಮಾರು 290 ವರ್ಷಗಳು. ಇಷ್ಟು ದೀರ್ಘಕಾಲ ಬಿಸಿ ಉಳಿಯಬಲ್ಲುದೆ? ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಬಿಸಿ ಮುದ್ದೆಯನ್ನು ತಟ್ಟೆಯಲ್ಲಿಟ್ಟು ಸ್ವಲ್ಪ ಹೊತ್ತು ಬಿಟ್ಟರೆ ಹೊರಮೈ ಆರಿರುತ್ತದೆ; ಆರಿತೆಂದು ನಂಬಿ ನಡುವಿಗೆ ಬೆರಳಿಟ್ಟವನ ಬೆರಳು ಸುಡುತ್ತದೆ. ಅದನ್ನೇ ತೆಳುವಾಗಿ ಹರಡಿದರೆ ಬೇಗ ಆರುತ್ತದೆ. ವಸ್ತುವಿನೊಳಗಿನ ಉಷ್ಣ ವಹನದಿಂದ ಹೊರಬೀಳಲು ಬೇಕಾದ ಕಾಲವು ದಪ್ಪಕ್ಕೆ ಅನುಗುಣವಾಗಿಲ್ಲ, ದಪ್ಪದ ವರ್ಗಕ್ಕೆ ಅನುಗುಣವಾಗಿದೆ: ದಪ್ಪ ಇಮ್ಮಡಿಸಿದರೆ ಕಾಲ ನಾಲ್ಮಡಿಯಾಗುತ್ತದೆ. ಕಲ್ಲಿನಲ್ಲಿ ಉಷ್ಣ ಹರಡುವ ವೇಗವನ್ನು ಸೂಚಿಸುವ ಗುಣಕ ಸೆಕೆಂಡಿಗೆ ಸುಮಾರು ಒಂದು ಚದರ ಮಿಲಿಮೀಟರು. ಇದರಂತೆ ಒಂದು ಮೀಟರು ದಪ್ಪದ ಲಾವಾ ಪದರಕ್ಕೆ ಹನ್ನೆರಡು ದಿನಗಳು ಸಾಕು. ಹತ್ತು ಮೀಟರಿಗೆ ಮೂರು ವರ್ಷಗಳು. ನೂರು ಮೀಟರಿಗೆ ಸುಮಾರು 320 ವರ್ಷಗಳು. ಒಂದು ಕಿಲೋಮೀಟರಿಗೆ 32,000 ವರ್ಷಗಳು ಬೇಕು. ಇವು ಒರಟು ಅಂದಾಜುಗಳೇ ಆದರೂ ತೀರ್ಮಾನಕ್ಕೆ ಸಾಲುತ್ತವೆ. ನೆಲದ ಮೇಲೆ ಹರಿದು ಹೆಪ್ಪುಗಟ್ಟಿದ ತೆಳುವಾದ ಲಾವಾ ಪದರಗಳು ಪಾದ್ರಿ ಕುರ್ಬೆಲೊನ ಕಾಲದವರಿಗೇ ತಣ್ಣಗಾಗಿದ್ದಿರಬೇಕು. ಇಂದು ಕಂಟಿಯನ್ನು ಉರಿಸುವ ಬಿಸಿ ಅವುಗಳದಲ್ಲ.

ಕೆಲವು ಕಿಲೋಮೀಟರು ಆಳದಲ್ಲಿ ಇನ್ನೂ ಪೂರ್ಣವಾಗಿ ತಣಿಯದ ಶಿಲಾರಸದ ಶೇಷವಿದೆ ಎಂದು ಭೂವಿಜ್ಞಾನಿಗಳು ಭಾವಿಸುತ್ತಾರೆ. ಆದರೆ ನಮ್ಮ ಲೆಕ್ಕವೇ ಇಲ್ಲೊಂದು ತೊಡಕನ್ನು ಒಡ್ಡುತ್ತದೆ. ಅಷ್ಟು ದಪ್ಪದ ಕಲ್ಲನ್ನು ದಾಟಿ ಮೇಲಕ್ಕೆ ಬರಲು ಉಷ್ಣಕ್ಕೆ ಲಕ್ಷಗಟ್ಟಲೆ ವರ್ಷಗಳೇ ಬೇಕಷ್ಟೆ! ಬಿಸಿಯಾದ ಅನಿಲಗಳೂ ಹಬೆಯೂ ಬಂಡೆಯ ಬಿರುಕುಗಳ ಮೂಲಕ ತಾವೇ ಉಷ್ಣವನ್ನು ಹೊತ್ತು ಮೇಲೇರುತ್ತವೆ ಎಂದು ತಿಳಿದಾಗ ತೊಡಕು ಬಿಡಿಸಿಹೋಗುತ್ತದೆ. ಬಿಸಿಯು ಉದ್ಯಾನದ ಎಲ್ಲೆಡೆಯೂ ಇಲ್ಲದೆ ಅಲ್ಲೊಂದು ಇಲ್ಲೊಂದು ತಾಣದಲ್ಲಿ ಮಾತ್ರ ಕಾಣುವುದು ಇದಕ್ಕೆ ಒಪ್ಪುತ್ತದೆ. ಈ ಉಷ್ಣತೆಯನ್ನೂ ನೆಲದ ಅತಿ ಸೂಕ್ಷ್ಮ ಕದಲಿಕೆಗಳನ್ನೂ ಅಳೆಯುವ ಉಪಕರಣಗಳನ್ನು ಉದ್ಯಾನದೊಳಗೆ ಇರಿಸಲಾಗಿದೆ.

ನೆಲ ತಣಿಯುವುದು ಹೇಗೆ ನಿಧಾನವೋ, ಇಲ್ಲಿ ಜೀವ ಬೇರೂರುವುದೂ ಹಾಗೆಯೇ ನಿಧಾನ. ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರಿಗಿಂತ ಕಡಿಮೆ. ನಮ್ಮ ವಿಜಯಪುರ, ಬೆಳಗಾವಿಗಳ ಕಡೆಯ ಎರೆನೆಲವೂ ಇದೇ ಜಾತಿಯ ಕಪ್ಪುಶಿಲೆಯಿಂದಲೇ ಹುಟ್ಟಿದ್ದು. ಆದರೆ ಆ ಶಿಲೆ ಹರಿದದ್ದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ತಿಮನ್‌ಫಾಯಾದ ಶಿಲೆಗೆ ಇನ್ನೂ ಮೂರು ಶತಮಾನಗಳೂ ತುಂಬಿಲ್ಲ. ಮಣ್ಣಾಗುವುದಿರಲಿ, ಅದರ ಅಂಚುಗಳ ಹರಿತವೇ ಇನ್ನೂ ಮಾಸಿಲ್ಲ. ಈ ಬರಡಿನ ಮೇಲೆ ಮೊದಲು ಕಾಲಿಟ್ಟಿರುವುದು ಕಲ್ಲುಹೂವು. ನಮ್ಮ ಅಡುಗೆಮನೆಯ ಮಸಾಲೆಯಲ್ಲಿ ಬಳಸುವ ಕಲ್ಲುಹೂವಿನ ಬಳಗದ್ದೇ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಈ ಜೀವಿಗೆ ಮಣ್ಣು ಬೇಡ. ಸಮುದ್ರದ ಕಡೆಯಿಂದ ಬೀಸುವ ಗಾಳಿಯ ತೇವವೇ ಸಾಕು. ಅದು ಸ್ರವಿಸುವ ಆಮ್ಲಗಳು ಕಲ್ಲನ್ನು ಎಳ್ಳಷ್ಟೆಳ್ಳಷ್ಟೇ ಸವೆಸುತ್ತವೆ. ಒಂದು ಕಲ್ಲುಹೂವು ಹಲವೊಮ್ಮೆ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಬೆಳೆಯದು. ಬೂದುಬಣ್ಣದ ಅಂಗೈ ಅಗಲದ ಕಲೆಯೊಂದನ್ನು ಕಂಡರೆ ಅದು ನಮ್ಮ ಅಜ್ಜಂದಿರಷ್ಟು ಹಳೆಯದಿರಬಹುದೆಂದು ತಿಳಿಯಬೇಕು.

ಉದ್ಯಾನದ ಎಲ್ಲೆಯ ಹೊರಗೆ, ಲಾ ಹೇರಿಯಾ ಎಂಬಲ್ಲಿ, ರೈತರು ಈ ನಿಧಾನಕ್ಕೆ ಕಾಯಲಿಲ್ಲ. ಅಲ್ಲಿ ಹಳೆಯ ಮಣ್ಣು ಬೂದಿಹರಳಿನ ಕೆಳಗೆ ಹೂತಿತ್ತು. ಅವರು ಹರಳನ್ನು ತೋಡಿ ಬಾಣಲೆಯಂತಹ ಗುಂಡಿಗಳನ್ನು ಮಾಡಿ, ತಳದ ಮಣ್ಣಿನಲ್ಲಿ ದ್ರಾಕ್ಷಿಯ ಬಳ್ಳಿಯನ್ನು ನೆಟ್ಟು, ಗಾಳಿಗೆ ಅಡ್ಡವಾಗಿ ಅರ್ಧಚಂದ್ರಾಕಾರದ ಕಲ್ಲಿನ ಗೋಡೆ ಕಟ್ಟಿದರು. ಹರಳುಗಳ ನಡುವಿನ ಸಂದುಗಳು ದೊಡ್ಡವು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮಣ್ಣಿನ ನೀರು ಆ ಸಂದುಗಳಲ್ಲಿ ಮೇಲಕ್ಕೆ ಏರಲಾರದು. ಆದ್ದರಿಂದ ಬಿದ್ದ ಅಲ್ಪ ಮಳೆಯೂ ಆವಿಯಾಗದೆ ಬೇರಿನ ಬಳಿ ಉಳಿಯುತ್ತದೆ. ಊರನ್ನು ಹೂತ ಬೂದಿಯೇ ಹೊಲದ ಹೊದಿಕೆಯಾಯಿತು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಇಲ್ಲಿ ರಕ್ಷಿಸಬೇಕಾದದ್ದು ಈ ಮುಟ್ಟದ ಮೈಯನ್ನೇ. ಬರಿಯ ಲಾವಾದಿಂದ ಜೀವಭೂಮಿ ಹೇಗೆ ಆಗುತ್ತದೆಂಬುದನ್ನು ಇಲ್ಲಿ ಮೊದಲ ಪುಟದಿಂದ ಓದಬಹುದು. ಮರಳುಗಾಡಿನಲ್ಲಿ ಇಟ್ಟ ಹೆಜ್ಜೆಯನ್ನು ಗಾಳಿ ಅಳಿಸುತ್ತದೆ. ನಮ್ಮ ಮಲೆನಾಡಿನಲ್ಲಿ ಒಂದು ಮಳೆಗಾಲ ಸಾಕು. ತಿಮನ್‌ಫಾಯಾದ ಹರಳಿನ ಇಳಿಜಾರಿನಲ್ಲಿ ಮಳೆಯೂ ಇಲ್ಲ, ಮುಚ್ಚುವ ಹುಲ್ಲೂ ಇಲ್ಲ; ಒಂದು ಬೂಟಿನ ಗುರುತು ವರ್ಷಗಟ್ಟಲೆ ನಿಲ್ಲುತ್ತದೆ, ಮುರಿದ ಕಲ್ಲುಹೂವು ಮತ್ತೆ ಬೆಳೆಯಲು ಒಂದು ತಲೆಮಾರೇ ಬೇಕಾದೀತು. ಪ್ರವಾಸಿಗಳೋ ತಂಡೋಪತಂಡವಾಗಿ ಬರುವವರು. ಆದುದರಿಂದ ಸುಮಾರು 14 ಕಿಲೋಮೀಟರು ಉದ್ದದ ಇಕ್ಕಟ್ಟಾದ ದಾರಿಯಲ್ಲಿ ಅವರನ್ನು ಉದ್ಯಾನದ ಬಸ್ಸುಗಳಲ್ಲಿ ಕೂರಿಸಿಯೇ ಸುತ್ತಿಸುತ್ತಾರೆ. ನಡುದಾರಿಯಲ್ಲಿ ಇಳಿಯಲು ಅಪ್ಪಣೆಯಿಲ್ಲ. ಇಷ್ಟು ದೂರ ಬಂದು ಗಾಜಿನ ಕಿಟಕಿಯಿಂದ ನೋಡಿ ಹಿಂತಿರುಗಬೇಕೆ ಎಂದು ಗೊಣಗುವವರೂ ಇರಬಹುದು. ಲೆಕ್ಕವನ್ನು ಬಲ್ಲವರಿಗೆ ಈ ನಿಯಮ ಕಠಿಣವೆನಿಸಲಾರದು. ನಡೆದೇ ನೋಡಬೇಕೆನ್ನುವವರಿಗಾಗಿ, ಮುಂಚಿತವಾಗಿ ಹೆಸರು ಕೊಟ್ಟ ಕೆಲವೇ ಮಂದಿಯ ಗುಂಪನ್ನು ಮಾರ್ಗದರ್ಶಕರು ತ್ರೆಮೆಸಾನಾ ಎಂಬ ಕಾಲುದಾರಿಯಲ್ಲಿ ಕರೆದೊಯ್ಯುತ್ತಾರೆ.